ಎರಡೂ ಎಡಗಾಲು

"ತಗೊಳ್ಳೇ, ಕಳ್ಳಿ ಹೆತ್ತೋಳೆ. ಈ ಎರಡಕ್ಕೂ ಕೂಲಿ ಇಲ್ಲ. ನಿನ್ನ ಮಗಳು ಮಾಡಿದ್ದಕ್ಕೆ ದಂಡ ಅನ್ಕೊಂಡು ಹೊಲಿ."

ಮೇಸ್ತ್ರಿ ಎರಡು ಎಡಗಾಲಿನ ತೊಗಲನ್ನು ಎಡಗಾಲಕ್ಕನ ಮಡಿಲಿಗೆ ಎಸೆದ. ಮಡಿಲಲ್ಲಿ ಆಗಲೇ ಒಂದು ಬೂಟು ಅರ್ಧ ಹೊಲಿಗೆಯಲ್ಲಿತ್ತು, ಹಲ್ಲಿನ ನಡುವೆ ಮೇಣದ ದಾರವಿತ್ತು. ಹಾಗಾಗಿ ಅವಳ ಬಾಯಿಂದ ತಕ್ಷಣ ಬರಬೇಕಾಗಿದ್ದ ಮಾತು ಬರಲಿಲ್ಲ. ದಾರ ಬಿಟ್ಟ ಮೇಲೆ ಬಂತು.

"ಪುಕ್ಕಟೆ ಹೊಲಿಯೋದಾದ್ರೆ ಬೂಟಿನ ಅಡೀಲಿ ನನ್ನ ಹೆಸರು ಅಚ್ಚು ಹೊಡಿಸಿ ಮೇಸ್ತ್ರಿ. ದಾನ ಕೊಟ್ಟೋರ ಹೆಸರು ಕಲ್ಲಲ್ಲಿ ಕೆತ್ತಿಸ್ತಾರಲ್ಲ, ಹಂಗೆ."

"ಬಾಯಿ ನೋಡು ಬೋಸುಡಿದು. ಮಗಳು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿ ಬಂದು ಇನ್ನೂ ಒಂದು ದಿನ ಕಳೆದಿಲ್ಲ, ಇವಳಿಗೆ ತಮಾಷೆ."

"ಅಳೋದಕ್ಕೂ ಕೂಲಿ ಇಲ್ಲವಲ್ಲ ಮೇಸ್ತ್ರಿ. ಎರಡೂ ಪುಕ್ಕಟೆ ಅಂದ್ಮೇಲೆ ನಗೋದೇ ವಾಸಿ."

ಸಾಲಿನ ಹೆಂಗಸರು ತಲೆ ತಗ್ಗಿಸಿಕೊಂಡು, ಹೊಲಿಗೆ ನೋಡುತ್ತಿದ್ದೇವೆ ಅನ್ನುವ ಹಾಗೆ ಮಾಡಿ, ಭುಜ ಅಲ್ಲಾಡಿಸಿ ನಕ್ಕರು.

ಅದು ಶಾಲೆ ಮಕ್ಕಳ ಕರಿ ಬೂಟು ಹೊಲಿಯುವ ಕಾರ್ಖಾನೆ. ಕಾರ್ಖಾನೆ ಅಂದರೆ ಏನು ಮಹಾ, ಉದ್ದನೆಯ ಒಂದು ತಗಡಿನ ಶೆಡ್ಡು, ಮೂಗು ಸುಡುವ ಅಂಟಿನ ಘಾಟು, ನೆಲದ ಮೇಲೆ ಎರಡು ಸಾಲು ಹೆಂಗಸರು. ಕಿಟಕಿ ಕಡೆಯ ಸಾಲಿನವರು ಎಡಗಾಲು ಹೊಲಿಯಬೇಕು, ಗೋಡೆ ಕಡೆಯವರು ಬಲಗಾಲು. ಸಾಹುಕಾರನ ಅಪ್ಪನ ಕಾಲದಿಂದಲೂ ಹಾಗೇ. ಒಂದೇ ಕಾಲು ಹೊಲಿದರೆ ಕೈ ಚುರುಕಾಗುತ್ತದೆ ಅಂತ ಹೊರಗಿನವರಿಗೆ ಹೇಳುತ್ತಿದ್ದರು. ಒಳಗಿನ ಮಾತು ಬೇರೆ. ಸಂಜೆ ಯಾವಳೂ ಬಟ್ಟೆಯೊಳಗೆ ಒಂದು ಜೊತೆ ಮುಚ್ಚಿಟ್ಟುಕೊಂಡು ಹೋಗಬಾರದು, ಅಷ್ಟೇ. ಒಂಟಿ ಕಾಲಿನ ಬೂಟು ಕದ್ದು ಯಾರು ತಾನೇ ಏನು ಮಾಡಿಯಾರು?

ಕಿಟಕಿ ಸಾಲಿನಲ್ಲಿ ಎಲ್ಲರಿಗಿಂತ ಹಳಬಳು ಎಡಗಾಲಕ್ಕ. ಗೋಡೆ ಸಾಲಿನ ಹಳಬಳು ಬಲಗಾಲಕ್ಕ. ಇಬ್ಬರಿಗೂ ಅಪ್ಪ ಅಮ್ಮ ಇಟ್ಟ ಹೆಸರುಗಳು ಇದ್ದೇ ಇದ್ದವು, ಆದರೆ ಅವನ್ನು ಕೇಳುವವರು ಯಾರು? ಇಬ್ಬರೂ ಎದುರುಬದುರು ಕೂತು ತಲೆಕೂದಲು ನೆರೆಸಿಕೊಂಡಿದ್ದರು. ಬಲಗಾಲಕ್ಕ ಮಹಾ ಪುಕ್ಕಲಿ. ಮೇಸ್ತ್ರಿ ಕೆಮ್ಮಿದರೆ ಅವಳ ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

ಎಡಗಾಲಕ್ಕನ ಗಂಡ ಊರು ಬಿಟ್ಟು ಹೋಗುವಾಗ ಮನೆಯಲ್ಲಿ ಎರಡನ್ನು ಬಿಟ್ಟು ಹೋಗಿದ್ದ. ಒಂದು ಹರಿದ ಕೊಡೆ, ಇನ್ನೊಂದು ಹೆಣ್ಣುಮಗು. ಕೊಡೆಯನ್ನು ಅವಳು ಎಸೆದಳು. ಮಗು ಬೆಳೆದು ಈಗ ಏಳನೇ ತರಗತಿ. ನಡೆ ಅಂದರೆ ಓಡುತ್ತಿದ್ದಳಾದ್ದರಿಂದ ಓಣಿಯವರೆಲ್ಲ ಜಿಂಕೆ ಅಂತ ಕರೆಯುತ್ತಿದ್ದರು. ಈ ವರ್ಷ ಶಾಲೆಯಲ್ಲಿ ಹೊಸ ನಿಯಮ ಬಂತು: ಕರಿ ಬೂಟು ಇಲ್ಲದವರು ಒಳಗೆ ಬರುವ ಹಾಗಿಲ್ಲ. ದಿನವೆಲ್ಲ ಬೂಟು ಹೊಲಿಯುವವಳ ಮಗಳಿಗೆ ಬೂಟಿಲ್ಲ ಅಂದರೆ ನಿಮಗೆ ಕಥೆ ಕಟ್ಟಿದ ಹಾಗೆ ಕಾಣಬಹುದು. ಕಾಣಲಿ. ಇಟ್ಟಿಗೆ ಸುಡುವವರ ಮನೆಯ ಗೋಡೆ ಯಾವುದರದ್ದು ಅಂತ ಯಾವತ್ತಾದರೂ ಹೋಗಿ ನೋಡಿದ್ದೀರಾ? ಒಂದು ಜೊತೆಗೆ ಅಂಗಡಿಯಲ್ಲಿ ಏನು ಬೆಲೆಯೋ ಅದನ್ನು ಕೂಲಿಯಲ್ಲಿ ಉಳಿಸಬೇಕಾದರೆ ಎಡಗಾಲಕ್ಕ ಎರಡು ತಿಂಗಳು ಉಸಿರು ಮಾತ್ರ ಕುಡಿದು ಬದುಕಬೇಕಿತ್ತು.

ಜಿಂಕೆ ನಾಲ್ಕಾರು ದಿನ ಶಾಲೆಯ ಗೇಟಿನ ಹೊರಗೆ ನಿಂತು ವಾಪಸು ಬಂದಳು. ಆಮೇಲೊಂದು ಮಧ್ಯಾಹ್ನ ಅಮ್ಮನಿಗೆ ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಬಂದವಳು, ಎಲ್ಲರೂ ನಲ್ಲಿ ಹತ್ತಿರ ಕೈ ತೊಳೆಯುತ್ತಿದ್ದಾಗ, ಅಮ್ಮನ ಬುಟ್ಟಿಯಿಂದ ತನ್ನ ಕಾಲಿಗೆ ಸರಿಹೋಗುವ ಎರಡು ಬೂಟು ತೆಗೆದು ಚೀಲಕ್ಕೆ ಹಾಕಿಕೊಂಡಳು. ಮಾರನೆಯ ದಿನ ಅವನ್ನೇ ಹಾಕಿಕೊಂಡು ಗೇಟಿನೊಳಗೆ ಮಹಾರಾಣಿಯ ಹಾಗೆ ನಡೆದಳು.

ಡ್ರಿಲ್ ಮಾಸ್ತರನ ಕಣ್ಣಿಗೆ ಬಿತ್ತು. ಬೀಳದೆ ಏನಾದೀತು? ಹುಡುಗಿ ನೆಟ್ಟಗೆ ಬರುತ್ತಿದ್ದಳು, ಬೂಟಿನ ಮೂತಿಗಳೆರಡೂ ಮಾತ್ರ ಬಲಗಡೆ ತಿರುಗಿ ಪಕ್ಕದ ಬೀದಿಗೆ ಹೊರಟಿದ್ದವು. ಮಾಸ್ತರ ಬೂಟು ಬಿಚ್ಚಿಸಿ ಅಡಿ ನೋಡಿದ. ಅಂಗಡಿಗೆ ಹೋದ ಬೂಟಿಗೆ ಅಡಿಯಲ್ಲಿ ಅಚ್ಚು ಇರುತ್ತದೆ, ಇವಕ್ಕಿರಲಿಲ್ಲ. ಕಾರ್ಖಾನೆಗೆ ಫೋನು ಹೋಯಿತು, ಸಾಹುಕಾರ ಪೊಲೀಸರನ್ನು ಕಾರಿನಲ್ಲಿ ಕೂರಿಸಿಕೊಂಡೇ ಬಂದ. ಬೂಟುಗಳನ್ನು ಬಟ್ಟೆಚೀಲಕ್ಕೆ ಹಾಕಿ ಮೊಹರು ಮಾಡಿ ಠಾಣೆಯ ಬೀರುವಿನಲ್ಲಿಟ್ಟರು. ಹುಡುಗಿಯನ್ನೂ ಠಾಣೆಗೆ ಕರೆದೊಯ್ದು, ಕೇಸು ಬರೆದು, ಅಮ್ಮನ ಕೈಗೆ ಕೊಟ್ಟರು.

ಮನೆಗೆ ಬಂದ ಮೇಲೆ ಎಡಗಾಲಕ್ಕ ಮಗಳ ಬೆನ್ನಿಗೆ ಎರಡು ಬಿಟ್ಟಳು. ಆಮೇಲೆ ಎದುರು ಕೂರಿಸಿಕೊಂಡು ಕೇಳಿದಳು.

"ಕದಿಯೋದು ಕದ್ದೆ. ಎರಡೂ ಎಡ ಯಾಕೆ ಕದ್ದೆಯೇ ಮುಂಡೇದೆ? ಹೊಲಿಯೋಳ ಹೊಟ್ಟೇಲಿ ಹುಟ್ಟಿ ಎಡ ಬಲ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಬಲಗಾಲು ಇದ್ದದ್ದು ಅತ್ತೆ ಬುಟ್ಟೀಲಿ. ಅವರದ್ದನ್ನ ಮುಟ್ಟಿದ್ರೆ ಕಳ್ಳತನ ಆಗಲ್ವಾ?" ಬಲಗಾಲಕ್ಕನನ್ನು ಅವಳು ಅತ್ತೆ ಅಂತಲೇ ಕರೆಯುತ್ತಿದ್ದಳು. "ನೀನು ಹೊಲಿದಿದ್ದು ನಮ್ಮದು ಅಂತ ತಗೊಂಡೆ."

ಎಡಗಾಲಕ್ಕನಿಗೆ ಮೊದಲು ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಮಗಳು ಗಾಬರಿಯಾಗಿ ಲೋಟದಲ್ಲಿ ನೀರು ತಂದಳು. ಇಷ್ಟು ವರ್ಷ ಹೊಲಿದೂ ಹೊಲಿದೂ ಒಂದು ದಿನವೂ ತನಗೆ ಹೊಳೆಯದ ಮಾತನ್ನು ಈ ಚೋಟುದ್ದದ್ದು ಸಲೀಸಾಗಿ ಆಡಿಬಿಟ್ಟಿತಲ್ಲ ಅಂತ ಅವಳಿಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ಮಾರನೆಯ ದಿನವೇ ಮೇಸ್ತ್ರಿ ಆ ಎರಡು ತೊಗಲನ್ನು ಎಸೆದದ್ದು. ಅವಳು ಹೊಲಿದು ಕೊಟ್ಟಳು. ಸಂಜೆ ಮೇಸ್ತ್ರಿ ಎಲ್ಲರ ಎದುರೇ ಜೊತೆಗಾರರಿಲ್ಲದೆ ಮೂಲೆಯಲ್ಲಿ ಬಿದ್ದಿದ್ದ ಎರಡು ಬಲಗಾಲನ್ನು ಆ ಹೊಸ ಎಡಗಾಲುಗಳಿಗೆ ಸೇರಿಸಿ, ಡಬ್ಬಿಗೆ ಹಾಕಿ, ಲಾರಿಗೆ ಏರಿಸಿದ.

"ನನ್ನ ಬಲಗಾಲಿಗೂ ನಿನ್ನ ಎಡಗಾಲಿಗೂ ಮದುವೆ ಆಗೋಯ್ತು ಕಣೇ," ಬಲಗಾಲಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. "ಇನ್ನು ನಾವಿಬ್ಬರೂ ಬೀಗಿತ್ತೀರು."

ಅಲ್ಲಿಗೆ ಲೆಕ್ಕ ಮುಗಿಯಬೇಕು ತಾನೇ? ಹೋದದ್ದು ಎರಡು ಎಡಗಾಲು, ಬಂದದ್ದು ಎರಡು ಎಡಗಾಲು. ಎಡಗಾಲಕ್ಕ ಹಾಗೇ ತಿಳಿದುಕೊಂಡು ಮಕ್ಕಳ ನ್ಯಾಯಮಂಡಳಿಗೆ ಮಗಳ ಕೈ ಹಿಡಿದು ಧೈರ್ಯವಾಗಿಯೇ ಹೋದಳು.

ಮಂಡಳಿಯ ಕೋಣೆಯ ಗೋಡೆಗೆ ಮೊಲ, ಆನೆ, ಬಲೂನಿನ ಚಿತ್ರ ಅಂಟಿಸಿದ್ದರು. ಮಕ್ಕಳಿಗೆ ಹೆದರಿಕೆ ಆಗದಿರಲಿ ಅಂತ. ಆನೆಯ ಕೆಳಗೆ ಅಧ್ಯಕ್ಷರು ಕೂತಿದ್ದರು, ಬಲೂನಿನ ಕೆಳಗೆ ಮೇಡಂ. ಹುಡುಗಿಯ ಮೇಲೆ ಕಣ್ಣಿಡುವುದು, ಪರಿಹಾರದ ದುಡ್ಡು ಸಂದಾಯವಾಯಿತೇ ಅಂತ ನೋಡುವುದು ಆ ಮೇಡಂ ಕೆಲಸ. ಸಾಹುಕಾರ ಕುರ್ಚಿಯಲ್ಲಿ ಕೂತ. ಎಡಗಾಲಕ್ಕನಿಗೂ ಜಿಂಕೆಗೂ ನಿಲ್ಲಲು ಜಾಗ ತೋರಿಸಿದರು.

"ಸ್ವಾಮಿ, ಎರಡು ಎಡಗಾಲು ಹೋದ್ರೆ ಎರಡು ಬಲಗಾಲು ಅನಾಥ," ಅಂದ ಸಾಹುಕಾರ. "ಒಂಟಿ ಬೂಟನ್ನ ಯಾರು ಕೊಳ್ತಾರೆ? ಅಲ್ಲಿಗೆ ನಷ್ಟ ಎರಡು ಜೊತೆ. ಅಂಗಡಿ ಬೆಲೆ ಹಿಡೀಬೇಕು. ಹೆಂಗಸು ಬಡವಿ, ಒಂದೇ ಸಲ ಕೊಡು ಅನ್ನೋ ಕಟುಕ ನಾನಲ್ಲ. ವಾರವಾರ ಅವಳ ಕೂಲೀಲಿ ನಾನೇ ಹಿಡ್ಕೋತೀನಿ."

"ದೊಡ್ಡ ಮನಸ್ಸು," ಅಂದರು ಅಧ್ಯಕ್ಷರು.

"ಅಯ್ಯೋ ಸ್ವಾಮಿ, ಆ ಬಲಗಾಲು ಅನಾಥ ಆಗೇ ಇಲ್ಲ," ಎಡಗಾಲಕ್ಕ ಬಾಯಿ ತೆರೆದಳು. "ಕೂಲಿ ಇಲ್ದೆ ನನ್ನ ಕೈಲೇ ಎರಡು..."

"ನಿಮ್ಮ ಸರದಿ ಬಂದಾಗ ಮಾತಾಡಿ."

ಅವಳು ಸರದಿಗೆ ಕಾದಳು. ಅಧ್ಯಕ್ಷರು ಯಾಕೆ ತಗೊಂಡೆ ಅಂತ ಹುಡುಗಿಯನ್ನು ಕೇಳಿದರು. ಅಮ್ಮ ಹೊಲಿದಿದ್ದು ನಮ್ಮದು ಅಂತ ತಗೊಂಡೆ ಅಂತ ಜಿಂಕೆ ಇಲ್ಲೂ ಅದನ್ನೇ ಹೇಳಿದಳು. ಮೇಡಂ ತಲೆ ಎತ್ತಿ ನೋಡಿ, ತಪ್ಪೊಪ್ಪಿಕೊಂಡಿದ್ದಾಳೆ ಅಂತ ಬರೆದುಕೊಂಡರು. ಎರಡು ಜೊತೆಯ ಬೆಲೆ ಕಟ್ಟಿದರೆ ಕೇಸು ಮುಗಿಯುತ್ತದೆ, ಕಟ್ಟದಿದ್ದರೆ ಹುಡುಗಿ ಸುಧಾರಣಾ ಮನೆಗೆ ಅಂತ ಆದೇಶವಾಯಿತು. ಅಷ್ಟರಲ್ಲಿ ಮುಂದಿನ ಕೇಸಿನವರು ಒಳಗೆ ಬಂದು ನಿಂತಿದ್ದರು. ಎಡಗಾಲಕ್ಕನ ಸರದಿ ಎಲ್ಲಿ ಹೋಯಿತೋ, ಅದನ್ನು ಕದ್ದವರ ಮೇಲೆ ಯಾರೂ ಕೇಸು ಹಾಕಲಿಲ್ಲ.

ಮೇಡಂ ಹೊರಗೆ ಬಂದು ಜಿಂಕೆಯ ತಲೆ ಸವರಿದರು. "ಶಾಲೆಗೆ ಹೇಳಿದ್ದೀನಿ ಪುಟ್ಟಿ. ಬೂಟು ಬರೋವರೆಗೆ ವರಾಂಡದಲ್ಲಿ ಕೂತು ಪಾಠ ಕೇಳು."

ಆಮೇಲಿನ ತಿಂಗಳುಗಳು ಹೇಗೆ ಕಳೆದವು ಅಂತ ಕೇಳಬೇಡಿ. ಕೂಲಿ ದಿನ ಮೇಸ್ತ್ರಿ ದುಡ್ಡು ಎಣಿಸುವಾಗ ಅವಳಿಗೆ ಉಳಿಯುತ್ತಿದ್ದದ್ದು ಕೈಯಲ್ಲಿ ಹಿಡಿದರೆ ಗಾಳಿಗೆ ಹಾರುವಷ್ಟು. ಆದರೂ ಅವಳ ಬಾಯಿ ಮಾತ್ರ ಬಡವಾಗಲಿಲ್ಲ. "ಸಾಹುಕಾರ್ರ ಕಾಲಿಗೆ ಬೂಟು ಹಾಕ್ತಾ ಇದ್ದೀನಿ ಕಣ್ರೇ, ಪಾಪ, ಬರಿಗಾಲಲ್ಲಿ ಕಾರಲ್ಲಿ ಓಡಾಡ್ತಾರೆ," ಅಂತ ಸಾಲನ್ನು ನಗಿಸುತ್ತಿದ್ದಳು. ಬಲಗಾಲಕ್ಕ ದಿನಾ ತನ್ನ ಡಬ್ಬಿಯಲ್ಲಿ ಅರ್ಧ ಇವಳ ಕಡೆ ತಳ್ಳುತ್ತಿದ್ದಳು. ಬೇಡ ಅಂದರೆ, ತಿನ್ನೇ, ಬೀಗಿತ್ತಿ ಉಪವಾಸ ಇದ್ದರೆ ನಮ್ಮ ಮನೆ ಮರ್ಯಾದೆ ಹೋಗುತ್ತೆ ಅನ್ನುತ್ತಿದ್ದಳು. ಜಿಂಕೆ ವರಾಂಡದಲ್ಲಿ ಕೂತು, ಕಿಟಕಿಯಿಂದ ಕೇಳಿದಷ್ಟನ್ನೇ ಬರೆದು, ಪರೀಕ್ಷೆಯಲ್ಲಿ ಒಳಗೆ ಕೂತ ಅರ್ಧ ಮಕ್ಕಳಿಗಿಂತ ಮೇಲೆ ಬಂದಳು.

ಕೊನೆಯ ಕಂತು ಹಿಡಿದ ದಿನ ಸಾಹುಕಾರ ಅವಳನ್ನು ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ಕಾಲು ನೀಡಿಕೊಂಡಿದ್ದ.

"ಅಸಲು ಬಂತು. ಬಡ್ಡಿ?"

"ಮಂಡಳಿಯೋರು ಬಡ್ಡಿ ಅನ್ನಲಿಲ್ವಲ್ಲ ಸಾಹುಕಾರ್ರೇ."

"ಮಂಡಳಿಯೋರು ಏನು ನಿನಗೆ ಕೂಲಿ ಕೊಡ್ತಾರೇನೇ? ಕೇಳು. ಅಂಟು ಬಳಿಯೋಕೆ ಸಣ್ಣ ಬೆರಳು ಬೇಕು, ಹುಡುಗೀನ ಕಳಿಸು. ಎರಡು ವರ್ಷ ಬಳೀಲಿ. ನಾಡಿದ್ದು ಮಂಡಳೀಲಿ ನಾನು ತೀರಿತು ಅಂತೀನಿ."

"ಅವಳು ಓದ್ತಾಳೆ."

"ವರಾಂಡದಲ್ಲಿ ಕೂತು ಏನು ಕಲೆಕ್ಟರ್ ಆಗ್ತಾಳಾ? ಕಳಿಸಲ್ಲ ಅಂದ್ರೆ ತೀರಿಲ್ಲ ಅಂತೀನಿ. ಕೂಲಿ ಹಿಡಿದಿದ್ದಕ್ಕೆ ನಿನ್ನ ಹತ್ರ ಚೀಟಿ ಇದ್ಯಾ? ಇಲ್ಲ. ಹುಡುಗಿ ಸೀದಾ ಸುಧಾರಣಾ ಮನೆಗೆ. ಅಲ್ಲೂ ಏನೋ ಬಳೀತಾರಂತೆ." ಅವನು ತನ್ನ ಮಾತಿಗೆ ತಾನೇ ನಕ್ಕ. "ಹೋಗು. ಯೋಚನೆ ಮಾಡು. ಹೋಗ್ತಾ ಬಾಗಿಲು ಮುಂದೆ ಮಾಡು, ಅಂಟಿನ ನಾತ."

ಅವಳು ಅಲ್ಲಿಂದ ಹಾಗೇ ಮೇಡಂ ಆಫೀಸಿಗೆ ಓಡಿದಳು. ಮೇಡಂ ಕೈಚೀಲ ಹೆಗಲಿಗೆ ಹಾಕಿಕೊಂಡು ಹೊರಡುವುದರಲ್ಲಿದ್ದರು. ಎಲ್ಲ ಕೇಳಿಸಿಕೊಂಡರು. ಕೆಟ್ಟವರಲ್ಲ, ಮುಖ ಸಣ್ಣದಾಯಿತು.

"ನಂಗೆ ಅರ್ಥ ಆಗತ್ತಮ್ಮ. ಆದ್ರೆ ದೂರು ಕೊಟ್ಟವರ ಬಾಯಿಂದಲೇ ತೀರಿತು ಅಂತ ಬರಬೇಕು. ನಾನೇನು ಮಾಡ್ಲಿ? ನೀವೇ ಅವರ ಹತ್ರ ಸ್ವಲ್ಪ ವಿನಯವಾಗಿ ಕೇಳ್ಕೊಳ್ಳಿ."

"ವಿನಯ ಎಲ್ಲಾ ಖರ್ಚಾಗಿದೆ ಮೇಡಂ. ಆದ್ರೂ ನೋಡ್ತೀನಿ."

ವಾಪಸು ಬರುವ ದಾರಿಯಲ್ಲಿ ಮಗಳ ಬೆರಳುಗಳು ಕಣ್ಣ ಮುಂದೆ ಬಂದವು. ಅಂಟು ಬಳಿಯುವ ಹುಡುಗಿಯರ ಬೆರಳ ತುದಿ ಒಂದು ವರ್ಷಕ್ಕೇ ಸಿಪ್ಪೆ ಎದ್ದು, ಬಿಸಿ ತಣ್ಣಗೆ ಏನೂ ಗೊತ್ತಾಗದ ಹಾಗೆ ಆಗುತ್ತದೆ. ಎಡಗಾಲಕ್ಕನದ್ದೂ ಹಾಗೇ ಆಗಿತ್ತು, ಅವಳೂ ಅಲ್ಲಿಂದಲೇ ಶುರು ಮಾಡಿದ್ದಳು. ನನ್ನ ಮಗಳನ್ನ ಮಾತ್ರ ಕೊಡಲ್ಲ ಕಣೋ ಬೋಳಿಮಗನೆ ಅಂತ ನಡುಬೀದಿಯಲ್ಲಿ ಗಟ್ಟಿಯಾಗಿ ಅಂದುಬಿಟ್ಟಳು. ಎದುರು ಬರುತ್ತಿದ್ದ ಯಾರೋ ಮುದುಕ ತನಗೇ ಅಂದದ್ದು ಅಂದುಕೊಂಡು ರಸ್ತೆ ದಾಟಿಕೊಂಡ.

ಮಾರನೆಯ ದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ನಲ್ಲಿ ಹತ್ತಿರ ಎಲ್ಲರಿಗೂ ಹೇಳಿದಳು. ಹೆಂಗಸರು ಸಾಹುಕಾರನ ಮೂರು ತಲೆಮಾರನ್ನು ಬಾಯಿಗೆ ಬಂದ ಹಾಗೆ ಬೈದರು. ಬೈದು ಸುಸ್ತಾದ ಮೇಲೆ ಮುಂದೇನು ಅಂತ ಯಾರಿಗೂ ತೋಚಲಿಲ್ಲ. ಕೆಲಸ ನಿಲ್ಲಿಸೋಣ ಅಂದಳು ಒಬ್ಬಳು. ನಿಲ್ಲಿಸಿದರೆ ಮಧ್ಯಾಹ್ನದೊಳಗೆ ಬೇರೆಯವರನ್ನು ತಂದು ಕೂರಿಸುತ್ತಾನೆ ಅಂದಳು ಇನ್ನೊಬ್ಬಳು. ಹಿಂದೆ ಕೂರಿಸಿದ್ದ ಕೂಡ.

ಆಗ ಬಲಗಾಲಕ್ಕ, ಮೇಸ್ತ್ರಿ ಕೆಮ್ಮಿದರೆ ಸೂಜಿ ಚುಚ್ಚಿಕೊಳ್ಳುವ ಬಲಗಾಲಕ್ಕ, ನಲ್ಲಿ ನೀರಲ್ಲಿ ಕೈ ಆಡಿಸುತ್ತಾ ಅಂದಳು. "ಕೆಲಸ ಯಾಕೆ ನಿಲ್ಲಿಸ್ಬೇಕು? ಮಾಡೋಣ. ನಂಗೂ ಒಂದು ದಿನ ಎಡಗಾಲು ಹೊಲಿದು ನೋಡ್ಬೇಕು ಅಂತ ಬಾಳ ದಿನದಿಂದ ಆಸೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎಲ್ಲರೂ ಕತ್ತರಿ ತಾತನ ಕಡೆ ತಿರುಗಿದರು. ತೊಗಲು ಕತ್ತರಿಸುವವನು ಅವನೊಬ್ಬನೇ. ಅವನ ಹತ್ತಿರ ಬೂಟಿನ ಆಕಾರದ ತಗಡು ಇರುತ್ತಿತ್ತು. ತೊಗಲಿನ ಮೇಲೆ ಅದನ್ನು ಹಾಗೇ ಇಟ್ಟು ಕತ್ತರಿಸಿದರೆ ಎಡಗಾಲು, ಮಗುಚಿ ಇಟ್ಟು ಕತ್ತರಿಸಿದರೆ ಬಲಗಾಲು. ತಾತ ಬೀಡಿ ಕೊನೆಯವರೆಗೂ ಸೇದಿ ಮುಗಿಸಿದ.

"ವಯಸ್ಸಾಯ್ತು," ಅಂದ. "ಮಗುಚೋದು ಮರೆತು ಹೋಗತ್ತೆ ಒಂದೊಂದು ದಿನ."

ಆ ದಿನ ಕಾರ್ಖಾನೆಯಲ್ಲಿ ಹಿಂದೆಂದೂ ಆಗದಷ್ಟು ಕೆಲಸ ಆಯಿತು. ಸಂಜೆಗೆ ಲಾರಿ ಬರುವುದಿತ್ತು, ದೊಡ್ಡ ಊರಿನ ಶಾಲೆಯೊಂದಕ್ಕೆ ಮಾಲು ಹೋಗಬೇಕಿತ್ತು. ಗೋಡೆ ಸಾಲಿನವರಿಗೆ ಮೊದಮೊದಲು ಕೈ ತಿರುಗಲಿಲ್ಲ, ಕಿಟಕಿ ಸಾಲಿನವರು ಅಲ್ಲಿಂದಲೇ ಕಣ್ಣು ಸನ್ನೆಯಲ್ಲಿ ಹೇಳಿಕೊಟ್ಟರು. "ಅಯ್ಯೋ ನಿನ್ನ, ಹೊರಗಡೆಯಿಂದ ಒಳಕ್ಕೆ ಚುಚ್ಚೇ," "ಗೊತ್ತು ಸುಮ್ನಿರೇ, ನೀನು ಹುಟ್ಟೋಕೆ ಮುಂಚೆ ಸೂಜಿ ಹಿಡಿದೋಳು ನಾನು," ಅಂತ ಪಿಸುಮಾತು, ಮುಸಿಮುಸಿ ನಗು. ಮೇಸ್ತ್ರಿ ಎರಡು ಸಲ ನಡುವೆ ಹಾದು ಹೋದ. ಎಲ್ಲರ ತಲೆಯೂ ಬಗ್ಗಿದ್ದು, ಕೈಗಳು ಓಡುತ್ತಿದ್ದದ್ದು ಕಂಡು ಅವನಿಗೆ ಖುಷಿಯಾಯಿತು. ಬೂಟಿನ ಕಡೆ ಅವನು ನೋಡಲೇ ಇಲ್ಲ. ಎಡ ಈ ಕಡೆ, ಬಲ ಆ ಕಡೆ ಅನ್ನುವುದು ಅವನಿಗೆ ಸೂರ್ಯ ಮೂಡಿದಷ್ಟೇ ಖಾತ್ರಿ.

ಸಂಜೆ ಲಾರಿ ಬಂದು ನಿಂತು ಹಾರ್ನ್ ಹೊಡೆಯಿತು. ಮೇಸ್ತ್ರಿ ಡಬ್ಬಿ ತುಂಬಲು ಕೂತ. ಕಿಟಕಿ ಬುಟ್ಟಿಯಿಂದ ಒಂದು ತೆಗೆದ, ಗೋಡೆ ಬುಟ್ಟಿಯಿಂದ ಒಂದು ತೆಗೆದ. ಜೋಡಿಸಿದ. ಅಲ್ಲೇ ನಿಂತ. ಗೋಡೆ ಬುಟ್ಟಿಗೆ ಮತ್ತೆ ಕೈ ಹಾಕಿದ, ಇನ್ನೊಂದು ತೆಗೆದ, ಇನ್ನೊಂದು, ಮತ್ತೊಂದು. ಕೊನೆಗೆ ಬುಟ್ಟಿಯನ್ನೇ ಕೌಚಿ ಮಂಡಿಯೂರಿ ಹುಡುಕಿದ. ಇಷ್ಟು ಹೊತ್ತಿಗೆ ಹೆಂಗಸರಿಗೆ ತಡೆಯಲಾಗದೆ ಯಾವಳೋ ಒಬ್ಬಳು ಕಿಸಕ್ಕೆಂದಳು. ಅದು ಸಾಲಿಂದ ಸಾಲಿಗೆ ಹಬ್ಬಿ ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸಾಹುಕಾರ ಓಡಿ ಬಂದ. ನೆಲದ ತುಂಬ ಬೂಟು, ಎಲ್ಲದರ ಮೂತಿಯೂ ಒಂದೇ ಕಡೆ.

"ಯಾವ ಲೌಡಿ ಮಾಡಿದ್ದಿದು? ಬಲಗಾಲು ಎಲ್ಲಿ?"

ಅವನು ಬಲಗಾಲಕ್ಕನ ಮುಂದೆ ಹೋಗಿ ನಿಂತ, ಅವಳೇ ಎಲ್ಲರಿಗಿಂತ ಮೆತ್ತಗಿನವಳು ಅಂತ ಅವನಿಗೆ ಗೊತ್ತಿತ್ತು. ಬಲಗಾಲಕ್ಕ ಸೂಜಿಯನ್ನು ಮೇಣಕ್ಕೆ ಚುಚ್ಚಿಟ್ಟು, ಅವನ ಮುಖ ನೋಡಿದಳು.

"ನಂಗೆ ಬಲಗಾಲು ಹೊಲಿಯೋದು ಮರೆತೇ ಹೋಯ್ತು ಸಾಹುಕಾರ್ರೇ. ಯಾಕೋ ಬೆಳಿಗ್ಗೆಯಿಂದ."

"ಎಲ್ಲಾರನ್ನೂ ಒದ್ದು ಓಡಿಸ್ತೀನಿ, ಮುಂಡೇವಾ. ಪೊಲೀಸ್ ಕರೀತೀನಿ."

"ಕರೀರಿ," ಅಂದಳು ಎಡಗಾಲಕ್ಕ ತನ್ನ ಜಾಗದಿಂದ ಏಳದೆ. "ಬರ್ತಾ ಬೀರುವಿನಲ್ಲಿರೋ ಚೀಲಾನೂ ತರೋಕೆ ಹೇಳಿ. ಎರಡು ಜೊತೆಗೆ ದುಡ್ಡು ತಗೊಂಡಿದ್ದೀರಿ. ಎರಡು ಎಡಗಾಲು ಅಲ್ಲಿದೆ. ಎರಡು ಬಲಗಾಲು ನಿಮ್ಮ ಹತ್ರ ಇರ್ಬೇಕು, ಕೊಡಿ. ನನ್ನ ಮಗಳು ವರಾಂಡ ಬಿಟ್ಟು ಒಳಗೆ ಕೂರ್ಬೇಕು."

"ಅದು ಮಾರಾಟ ಆಗಿ..." ಸಾಹುಕಾರ ಅರ್ಧಕ್ಕೇ ಬಾಯಿ ಮುಚ್ಚಿದ. ತಡವಾಗಿತ್ತು. ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಲಾರಿ ಡ್ರೈವರ್ ಹಣೆ ಚಚ್ಚಿಕೊಂಡು ನಕ್ಕ.

"ನಗಬೇಡ್ವೋ, ಮಾಲು ಹೇರು."

"ಏನು ಹೇರ್ಲಿ ಸಾಹುಕಾರ್ರೇ? ಆ ಶಾಲೇಲಿ ಎಲ್ಲಾ ಮಕ್ಕಳಿಗೂ ಎರಡೆರಡು ಕಾಲಿವೆಯಂತೆ."

ಸಾಹುಕಾರನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಮಾಲು ತಡವಾದರೆ ಆ ಶಾಲೆಯವರು ಬೇರೆ ಕಡೆ ಹೋಗುತ್ತಾರೆ. ಅಷ್ಟು ಎಡಗಾಲಿಗೆ ಹೊಂದುವ ಬಲಗಾಲನ್ನು ಹೊರಗಿನವರ ಕೈಲಿ ಮಾಡಿಸಲು ವಾರ ಬೇಕು. ಈ ಹೆಂಗಸರಾದರೆ ರಾತ್ರಿ ಕೂತು ಬೆಳಗಾಗುವುದರೊಳಗೆ ಮುಗಿಸುತ್ತಾರೆ. ಅದು ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಸರಿ ಕಣಮ್ಮ," ಅಂದ. ಅವನ ಬಾಯಲ್ಲಿ ಆ ಅಮ್ಮ ಅನ್ನುವ ಮಾತು ಅಂಟಿನ ಹಾಗೆ ಎಳೆದುಕೊಂಡು ಬಂತು. "ನಾಳೆ ಮಂಡಳೀಲಿ ತೀರಿತು ಅಂತೀನಿ. ಈಗ ಬಲಗಾಲು ಹೊಲೀರಿ."

"ನಾಳೆ ತೀರಿತು ಅನ್ನಿ. ಹುಡುಗಿಗೆ ಬೂಟು ಕೊಡಿ. ಅಲ್ಲೇ, ಆನೆ ಚಿತ್ರದ ಕೆಳಗೆ, ಮೇಡಂ ಎದುರು. ಆಮೇಲೆ ಬಲಗಾಲು."

"ಲಾರಿ ನಿಂತಿದ್ಯಲ್ಲೇ."

"ನಿಲ್ಲಲಿ. ನಮಗೇನು ಆತುರ? ನಾವು ಕೆಲಸ ನಿಲ್ಲಿಸಿಲ್ಲವಲ್ಲ. ಅಲ್ಲೀವರೆಗೂ ಎಡಗಾಲು ಎಷ್ಟು ಬೇಕಾದ್ರೂ ಹೊಲೀತೀವಿ."

ಅವಳು ದಾರವನ್ನು ಹಲ್ಲಿಗೆ ಕಚ್ಚಿಕೊಂಡಳು. ಎರಡೂ ಸಾಲಿನ ಸೂಜಿಗಳು ಮತ್ತೆ ಎದ್ದವು. ಮೂಲೆಯಲ್ಲಿ ಕತ್ತರಿ ತಾತ ಹೊಸ ತೊಗಲು ಬಿಚ್ಚಿ ಹಾಸಿ, ಅಂಗೈಯಿಂದ ಸವರಿ, ತಗಡನ್ನು ಅದರ ಮೇಲೆ ಹಾಗೇ ಇಟ್ಟು ಕತ್ತರಿ ಹಾಕಿದ.